ಕೊನೆಯ ಸಾಲಿನಲ್ಲಿ ಗಂಡನ ಬಸ್ಸು

ಸಾರಿಗೆ ಕಚೇರಿಯಲ್ಲಿ ಅಂಕಿಅಂಶ ನೋಡುವ ಆಕೆಗೆ ಆರ್ ಎಂಬ ಕಂಪ್ಯೂಟರ್ ಭಾಷೆಯೆಂದರೆ ಪಂಚಪ್ರಾಣ. ರಾಶಿ ಅಂಕಿ ಸುರಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಲೆಕ್ಕ ಒಪ್ಪಿಸುತ್ತದೆ; ಗಂಡನಂತೆ ಎದುರು ಮಾತಾಡುವುದಿಲ್ಲ. ಆದರೆ ಆ ಸಂಜೆ ಅದು ಕೊಟ್ಟ ಪಟ್ಟಿಯನ್ನು ಆಕೆ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ಎಲ್ಲಕ್ಕಿಂತ ತಡವಾಗಿ ಓಡುವ ಬಸ್ಸು ಆಕೆಯ ಗಂಡನದೇ! ಪಟ್ಟಿಯ ಕೊನೆಯ ಸಾಲಿನಲ್ಲಿರುವ ಚಾಲಕನನ್ನು ನಾಳೆಯೇ ಬಸ್ಸಿನಿಂದಿಳಿಸಿ, ಡಿಪೋದಲ್ಲಿ ಟೈರು ಎಣಿಸಲು ಕೂರಿಸುವುದಾಗಿ ಮೇಲಧಿಕಾರಿ ಸಾರಿಬಿಟ್ಟಿದ್ದರು. ಸ್ಟೇರಿಂಗ್ ಬಿಟ್ಟು ಆ ಮನುಷ್ಯ ಬದುಕಿಯಾನೇ?

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟಳು.

"ಏನ್ರೀ ಇದು? ನನ್ನ ಬಸ್ಸು ನೋಡಿ ಜನ ಗಡಿಯಾರ ಸರಿಮಾಡ್ಕೋತಾರೆ ಅಂತ ಜಂಬ ಕೊಚ್ತಿದ್ರಲ್ಲ!"

ಗಂಡ ಪರದೆ ನೋಡಿದ, ಚಾವಣಿ ನೋಡಿದ, ಕೊನೆಗೆ ತಲೆ ಕೆರೆದುಕೊಂಡ.

"ಬಯ್ಬೇಡ ಕಣೇ. ದಿನಾ ನಿಮ್ಮಮ್ಮನ ಮನೆ ಮುಂದೆ ಬಸ್ಸು ನಿಲ್ಲಿಸಿ ಅವರಿಗೋಸ್ಕರ ಕಾಯ್ತೀನಿ."

ಆಕೆ ದಂಗಾದಳು. ಮದುವೆಯ ದಿನ ಶುರುವಾದ ಜಗಳ; ಅತ್ತೆ ಅಳಿಯ ಇವತ್ತಿಗೂ ಮುಖ ಕೊಟ್ಟು ಮಾತಾಡಿದವರಲ್ಲ.

"ನೀವು? ಅಮ್ಮಂಗೆ?"

"ಮತ್ತೇನ್ಮಾಡ್ಲಿ? ಮಂಡಿನೋವು, ಪಾಪ. ಮೆಟ್ಟಿಲಿಳಿದು ಬರೋಷ್ಟರಲ್ಲಿ ಹೊತ್ತಾಗುತ್ತೆ. ಹತ್ತಿದ್ಮೇಲೆ ನನ್ನ ಕಡೆ ತಿರುಗಿಯೂ ನೋಡಲ್ಲ ಬಿಡು. ನಾನು ಹೀಗಂದೆ ಅಂತ ಅವರ ಹತ್ರ ಬಾಯಿಬಿಡ್ಬೇಡ ಮತ್ತೆ!"

ಆಕೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಂಥವನ ಕೈಯಿಂದ ಸ್ಟೇರಿಂಗನ್ನು ತಾನೇ ಕಿತ್ತುಕೊಳ್ಳುವುದೇ? ಮನಸ್ಸು ತಡೆಯದೆ, ಆರ್‌ಗೆ ತಾನು ಬರೆದುಕೊಟ್ಟಿದ್ದ ಆಜ್ಞೆಗಳನ್ನೆಲ್ಲ ಮೊದಲಿಂದ ಓದಿದಳು. ಅಯ್ಯೋ ಮಂಕೇ! ತಡವಾದ ನಿಮಿಷಗಳ ಕಾಲಮನ್ನಷ್ಟೇ ಕಡಿಮೆಯಿಂದ ಹೆಚ್ಚಿಗೆ ಜೋಡಿಸು ಎಂದಿದ್ದಾಳೆ. ಪಕ್ಕದ ಚಾಲಕರ ಹೆಸರುಗಳು ಇದ್ದಲ್ಲೇ ಕೂತಿವೆ. ಯಾರ ತಡವೋ ಯಾರ ತಲೆಗೋ! ಆ ಆರ್ ಆದರೂ ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದಷ್ಟನ್ನು ಮಾಡಿ ತೆಪ್ಪಗೆ ಕೂತಿತ್ತು, ಕಳ್ಳ. ಹೆಸರು, ನಿಮಿಷ ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಗಂಡ ನಡುಮಧ್ಯಕ್ಕೆ ಬಂದ. ಒಂದೆರಡು ನಿಮಿಷದ ತಡ, ಅಷ್ಟೇ. ಆಕೆಗೆ ಹೋದ ಜೀವ ಬಂದಂತಾಯಿತು.

ಆ ಒಂದೆರಡು ನಿಮಿಷವಾದರೂ ಯಾಕೆಂದು, ಗಂಡ ಸ್ನಾನಕ್ಕೆ ಹೋದಾಗ ಅಮ್ಮನಿಗೆ ಫೋನು ಮಾಡಿದಳು.

"ಅಮ್ಮಾ, ಇನ್ಮೇಲೆ ಸ್ವಲ್ಪ ಬೇಗ ಮೆಟ್ಟಿಲಿಳಿ. ಬಸ್ಸು ನಿಂಗೋಸ್ಕರ ಕಾಯುತ್ತಂತೆ."

"ನಾನೆಲ್ಲೇ ತಡ ಮಾಡ್ತೀನಿ? ಬಸ್ಸು ಬರೋಕೆ ಮೊದಲೇ ಇಳಿದು ಬಾಗಿಲ ಹಿಂದೆ ನಿಂತಿರ್ತೀನಿ."

"ಮತ್ತೆ ಹೊರಗೆ ಬರೋಕೇನಮ್ಮ ಧಾಡಿ?"

ಅಮ್ಮ ದನಿ ತಗ್ಗಿಸಿದಳು.

"ಕಾಯ್ತಾನೋ, ಬಿಟ್ಟು ಹೋಗ್ತಾನೋ ಅಂತ ನೋಡ್ತೀನಿ ಕಣೇ. ಒಂದು ದಿನಾನೂ ಬಿಟ್ಟು ಹೋಗಿಲ್ಲ, ಹಾಳಾದೋನು."