ನಾಲಬಂದನ ಮಗನ ಯಂತ್ರ

ಕಾಸಿಂಸಾಬ ನಾಲಬಂದನಿಗೆ ಸ್ವಂತ ಮಗನ ಕಾರ್ಖಾನೆಯೊಳಗೆ ಪ್ರವೇಶವಿರಲಿಲ್ಲ. ಇದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಇಂಡಿ ಊರಿನ ಚಹಾದಂಗಡಿಯಲ್ಲಿ ಕೂತು ಎದೆಯುಬ್ಬಿಸಿಯೇ ಹೇಳುತ್ತಿದ್ದ: "ನನ್ನ ಮಗಾ ಮಾಡೋ ಯಂತ್ರ ಎಷ್ಟ ಸೂಕ್ಷ್ಮ ಅಂದ್ರ, ನನ್ನಂಥಾ ಕಬ್ಬಿಣದ ಮನಷ್ಯಾ ಬಾಗಲದಾಗ ನಿಂತ್ರೂ ಅದಕ್ಕ ತಲಿ ತಿರಗತೈತಿ ನೋಡ್ರಿ."

ಮೂವತ್ತೈದು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂತೆಗಳನ್ನು ಸುತ್ತಿ, ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಹೊಡೆದ ಮನುಷ್ಯ ಅವನು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ಆದರೂ ಅವನ ಜುಬ್ಬಾದ ಕಿಸೆಯಲ್ಲಿ ನಾಲ್ಕು ಮೊಳೆ ಇದ್ದೇ ಇರುತ್ತಿದ್ದವು. ಮಗ ಬಾಬುಲಾಲ ಮೊದಲು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ಆಮೇಲೆ ಹಲಸಂಗಿಯ ದಾನೇಶ್ವರಿ ಎಂಬ ಎಂಜಿನಿಯರ್ ಹುಡುಗಿಯೊಂದಿಗೆ ಸೇರಿ, ಹತ್ತು ವರ್ಷ ತಲೆ ಕೆಡಿಸಿಕೊಂಡು, ಭೂಮಿಯ ಕಾಂತಬಲ ಅಳೆಯುವ ಮ್ಯಾಗ್ನೆಟೋಮೀಟರ್ ಮಾಡಿದ. ನೋಡಲು ಏನೂ ಇಲ್ಲ. ಒಂದು ಉದ್ದ ಕೋಲು, ಅದರ ತುದಿಯಲ್ಲಿ ಸೀಮೆಎಣ್ಣೆ ತುಂಬಿದ ಡಬ್ಬಿ, ಡಬ್ಬಿಯ ಸುತ್ತ ತಾಮ್ರದ ತಂತಿ. ಅದನ್ನು ಹಿಡಿದು ಹೊಲದಲ್ಲಿ ನಡೆದರೆ ಸಾಕು, ನೆಲದಡಿ ಯಾವ ಕಲ್ಲು ಎಲ್ಲಿ ಬದಲಾಯಿತು, ಅದಿರು ಎಲ್ಲಿರಬಹುದು ಎಂಬ ಸುಳಿವು ಅಂಕಿಗಳಾಗಿ ಬರುತ್ತದೆ.

"ಸೀಮೆಎಣ್ಣಿಯಿಂದ ದೀಪಾ ಹಚ್ಚಿದವ್ರನ್ನ ಕಂಡೇನಿ. ನೆಲದ ಹೊಟ್ಟಿ ನೋಡಿದಾಂವ ಅಂದ್ರ ಇವನೊಬ್ಬನ್ನ ಕಂಡೇನಿ," ಎಂದು ಮುದುಕ ಅಚ್ಚರಿಪಡುತ್ತಿದ್ದ.

ಹತ್ತಿರ ಚೂರು ಕಬ್ಬಿಣವಿದ್ದರೂ ಅಳತೆ ತಪ್ಪುತ್ತದೆಂದು, ಯಂತ್ರಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕುರ್ಚಿ ಬೆತ್ತದ್ದು, ತಿರುಪು ಹಿತ್ತಾಳೆಯದು. ದಾನೇಶ್ವರಿ ಒಳಗೆ ಕಾಲಿಡುವ ಮುನ್ನ ಬಳೆಗೆ ಸಿಕ್ಕಿಸಿದ ಪಿನ್ನುಗಳನ್ನೂ ತೆಗೆದಿಡಬೇಕು. ಅಂಥ ಕೋಣೆಗೆ ಕಾಸಿಂಸಾಬ ಒಂದು ದಿನ ಕಿಸೆಯ ಮೊಳೆಗಳ ಸಮೇತ ನುಗ್ಗಿ, ಇಡೀ ದಿನದ ಅಳತೆಯನ್ನು ಹಾಳುಮಾಡಿದ್ದ. ಎಂದೂ ಎದುರು ಮಾತಾಡದ ಮಗ ಅಂದು ಕೈಮುಗಿದು, "ಅಬ್ಬಾ, ಇನ್ನ ಮ್ಯಾಲ ನೀವು ಹೊರಗ ಇರ್ರಿ," ಎಂದ. ಅಂದಿನಿಂದ ಅವನ ಜಾಗ ಗೇಟಿನಾಚೆಯ ಕಟ್ಟೆ. ಊರಿಗೆಲ್ಲ ಹೆಮ್ಮೆ ಹಂಚುತ್ತಿದ್ದವನು ನೋವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಕೊನೆಗೂ ಪರೀಕ್ಷೆಯ ದಿನ ಬಂತು. ಭೂಶೋಧನೆ ಮಾಡುವ ಕಂಪನಿಯೊಂದು ಹನ್ನೆರಡು ಯಂತ್ರ ಕೊಳ್ಳಲು ಮುಂದೆ ಬಂದಿತ್ತು. ಅದರ ಅಧಿಕಾರಿ ಅರುಣಕುಮಾರ ಬಸವನ ಬಾಗೇವಾಡಿಯ ಹೊರಗಿನ ಒಂದು ಬಯಲನ್ನು ತಾನೇ ಆರಿಸಿದ್ದ. ಅದರಡಿ ಕಪ್ಪುಗಲ್ಲಿನ ಪಟ್ಟೆಯೊಂದು ಗೋಡೆಯಂತೆ ನಿಂತಿರುವುದು ಅವನ ನಕಾಶೆಯಲ್ಲಿತ್ತು. ಯಂತ್ರ ಅದನ್ನು ಹಿಡಿಯಬೇಕು. ಅರವತ್ತು ಜಾಗಗಳಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಎಡವಿದರೆ ಯಂತ್ರ ಫೇಲು. ಬಾಬುಲಾಲ ಮತ್ತೆ ಸುಟ್ಟ ಮೋಟರುಗಳ ಮುಂದೆ ಕೂರಬೇಕು.

ಕಾಸಿಂಸಾಬ ಹಟ ಹಿಡಿದು ಜೀಪು ಹತ್ತಿದ್ದ. ಹೊರಡುವ ಮುನ್ನ ಎರಡು ಸಲ ಕಿಸೆ ಝಾಡಿಸಿದ್ದ. ಬಯಲಿಗೆ ಬಂದಮೇಲೆ ಯಾರೂ ಹೇಳದಿದ್ದರೂ ಇನ್ನೂರು ಹೆಜ್ಜೆ ದೂರ ಹೋಗಿ ಕಾಲುವೆಯ ದಂಡೆಯಲ್ಲಿ ಕೂತ.

ದಾನೇಶ್ವರಿ ಕೋಲು ಹಿಡಿದು ನಡೆದಳು. ಬಾಬುಲಾಲ ಅಂಕಿ ಕೂಗಿದ, ಅಧಿಕಾರಿ ಬರೆದುಕೊಂಡ. ಕಪ್ಪುಗಲ್ಲಿನ ಪಟ್ಟೆ ಬಂದಾಗ ಅಂಕಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಿತು. ಅರುಣಕುಮಾರ ತಲೆದೂಗಿದ್ದು ದಂಡೆಯವರೆಗೂ ಕಂಡಿತು. ಮುದುಕನಿಗೆ ಎದ್ದು ಕುಣಿಯಬೇಕೆನಿಸಿತು.

ಆದರೆ ನಲವತ್ತನೆಯ ಜಾಗ ದಾಟುತ್ತಲೇ ಎಲ್ಲ ಕೆಟ್ಟಿತು. ಅಂಕಿ ಹುಚ್ಚೆದ್ದು ಏರಿತು, ಬಿತ್ತು, ಒಂದು ಜಾಗದಲ್ಲಂತೂ ಅಂಕಿಯೇ ಬರಲಿಲ್ಲ. ಏಳು ಜಾಗ ಹೀಗೇ. ಬಾಬುಲಾಲ ತಂತಿಗಳನ್ನೆಲ್ಲ ತಡವಿ ನೋಡಿದ. ಮತ್ತೆ ಅಳೆದರೂ ಅದೇ ಗತಿ.

"ನೆಲದಾಗ ಏನೋ ಐತ್ರಿ ಸಾಹೇಬ್ರ," ಎಂದ.

"ಯಂತ್ರ ಕೆಟ್ಟವ್ರೆಲ್ಲಾ ನೆಲಕ್ಕ ಬೈತಾರ್ರಿ," ಎಂದ ಅರುಣಕುಮಾರ. ಕೆಟ್ಟ ಮನುಷ್ಯನಲ್ಲ, ಅವನ ದನಿಯಲ್ಲೂ ಬೇಸರವಿತ್ತು. "ಇಲ್ಲಿ ಪೈಪ್ ಇಲ್ಲ, ತಂತಿಬೇಲಿ ಇಲ್ಲ. ನಾನೇ ಅಡ್ಡಾಡಿ ನೋಡೇನಿ."

ದಾನೇಶ್ವರಿ ಮೆಲ್ಲಗೆ, "ಅಣ್ಣಾ, ಆ ಏಳು ಬಿಟ್ಟು ಸಾಲು ಸ್ವಲ್ಪ ಬಾಜೂಕ ಸರಸೋಣೇನು? ಸಾಹೇಬ್ರನ್ನ ಕೇಳೋಣು," ಎಂದಳು.

"ಬ್ಯಾಡವಾ. ಯಂತ್ರ ಕಂಡದ್ದು ಹೇಳೇತಿ. ಅದನ್ನ ನಾವ ಅಳಿಸಿದ್ರ ಯಾರ ನಂಬಬೇಕು?"

ದಂಡೆಯ ಮೇಲೆ ಕೂತವನಿಗೆ ಮಾತು ಕೇಳದಿದ್ದರೂ ಮಗನ ಜೋತುಬಿದ್ದ ಹೆಗಲು ಕಂಡಿತು. ಅವನ ಕೈ ತಾನಾಗಿ ಕಿಸೆಗೆ ಹೋಯಿತು. ಏನೂ ಇರಲಿಲ್ಲ. ಹಾಗಾದರೆ ಕಬ್ಬಿಣ ಎಲ್ಲಿಂದ ಬಂತು ಎಂದುಕೊಳ್ಳುತ್ತ ಅವನು ಮೊದಲ ಸಲ ಆ ಬಯಲನ್ನು ಸರಿಯಾಗಿ ನೋಡಿದ. ಮೂಲೆಯಲ್ಲೊಂದು ಹಾಳು ಬಾವಿ. ಬಾವಿಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಮೂರು ಗೀರು. ಆ ಮೂರು ಗೀರು ಅವನಿಗೆ ಗೊತ್ತಿದ್ದವು. ಅದೇ ಬಾವಿಯ ನೀರು ಕುಡಿದು ಅವನು ಎಷ್ಟು ಬೇಸಿಗೆ ಕಳೆದಿರಲಿಲ್ಲ! ಇದು ಹಳೆಯ ದನದ ಸಂತೆಯ ಜಾಗ. ಬೇವಿನ ಮರ ಹೋಗಿದೆ, ಕಾಲುವೆ ತೋಡಿದ ಮಣ್ಣು ಬಿದ್ದು ನೆಲವೇ ಎತ್ತರವಾಗಿದೆ, ಅದಕ್ಕೇ ಗುರುತು ಸಿಕ್ಕಿರಲಿಲ್ಲ.

ಮತ್ತೆ ತನ್ನ ಕಬ್ಬಿಣವೇ! ಅಂದು ಕೋಣೆ ಕೆಡಿಸಿದ್ದು ಸಾಲದೆಂದು ಇಂದು ಮಗನ ಅನ್ನಕ್ಕೇ ಅಡ್ಡ ಬಂದಿದೆ. ಹೇಳಿದರೆ ಏನೆಂದಾನೋ. ಮುದುಕ ಒಂದು ಗಳಿಗೆ ತಡೆದ, ಒಂದೇ ಗಳಿಗೆ. ಆಮೇಲೆ ಮೊಳೆ ಹೊಡೆದ ಚಪ್ಪಲಿ ಕಳಚಿಟ್ಟು, ತುದಿಗೆ ಕಬ್ಬಿಣವಿದ್ದ ತನ್ನ ಊರುಗೋಲು ಬಿಸಾಕಿ, ಕಾದ ಎರೆಮಣ್ಣಿನಲ್ಲಿ ಬರಿಗಾಲಲ್ಲಿ ನಡೆದ.

"ಬಾಬು, ಅದು ನನ್ನ ಜಾಗಾನೋ! ಇಲ್ಲೆ ಬೇವಿನ ಗಿಡದ ಬುಡಕ ಎತ್ತು ಕೆಡವಿ ನಾಲ ಹೊಡೀತಿದ್ದೆ. ಸವದ ನಾಲು, ಮುರದ ಮೊಳಿ, ಎಲ್ಲಾ ಈ ಕಡೀಗೇ ಎಸೀತಿದ್ದೆ." ಬಾವಿಯಿಂದ ಹೆಜ್ಜೆ ಅಳೆಯುತ್ತ ಬಂದು ಒಂದೆಡೆ ನಿಂತ. "ಇಲ್ಲೆ ಅಗೀರಿ ಸಾಹೇಬ್ರ. ಸಿಗಲಿಲ್ಲಂದ್ರ ನನ್ನ ಮಗನ ಯಂತ್ರ ಸುಳ್ಳು ಅಂತ ಬರ್ಕೊಳ್ರಿ."

ಪಕ್ಕದ ಹೊಲದ ಮಾನಪ್ಪನಿಂದ ಗುದ್ದಲಿ ತಂದರು. ಎರಡು ಅಡಿ ಇಳಿಯುತ್ತಲೇ ಖಣ್ ಎಂದಿತು. ತುಕ್ಕು ಹಿಡಿದ ನಾಲುಗಳು ಬೊಗಸೆ ಬೊಗಸೆಯಾಗಿ ಬಂದವು. ಅರುಣಕುಮಾರ ಒಂದನ್ನು ಎತ್ತಿ ತಿರುಗಿಸಿ ನೋಡಿದ, ಆಮೇಲೆ ಯಂತ್ರದ ಕಡೆ ನೋಡಿದ. ಬರೆದಿದ್ದ ಫೇಲಿನ ಗುರುತನ್ನು ಹೊಡೆದುಹಾಕಿ, ಆ ಏಳು ಅಂಕಿಗಳೆದುರು 'ಹೂತ ಕಬ್ಬಿಣ, ಖಾತ್ರಿಯಾಗಿದೆ' ಎಂದು ಬರೆದು ಸಹಿ ಹಾಕಿದ.

"ನನಗ ಕಾಣದ್ದು ಇದಕ್ಕ ಕಂಡೈತ್ರಿ," ಎಂದು ಬಾಬುಲಾಲನ ಕೈ ಕುಲುಕಿದ. ಕಾಸಿಂಸಾಬ ಆ ಹೊತ್ತಿಗೆ ಮತ್ತೆ ದಂಡೆಯ ಕಡೆ ಹೊರಟಾಗಿತ್ತು.

ತಿಂಗಳಾದ ಮೇಲೆ ಹನ್ನೆರಡರಲ್ಲಿ ಮೊದಲನೆಯ ಯಂತ್ರ ಸಿದ್ಧವಾಯಿತು. ಮುದುಕ ಎಂದಿನಂತೆ ಗೇಟಿನಾಚೆ ಕೂತಿದ್ದ. ಬಾಬುಲಾಲ ಹೊರಗೆ ಬಂದ. ಕೈಯಲ್ಲಿ ಆ ಬಯಲಿನ ಸವೆದ ನಾಲೊಂದಿತ್ತು.

"ಅಬ್ಬಾ, ಕಳಸೂದಕಿಂತ ಮೊದಲ ಪ್ರತಿ ಯಂತ್ರಕ್ಕೂ ಕಬ್ಬಿಣಾ ತೋರಿಸಿ ನೋಡಬೇಕು. ಇದನ್ನ ಹಿಡಕೊಂಡು ಒಂದೇ ಅಳತೀಲೆ ಹೆಜ್ಜಿ ಹಾಕವ್ರು ಬೇಕು. ಒಳಗ ಬರ್ರಿ."

"ನಾ ಬಂದ್ರ ನಿನ್ನ ಯಂತ್ರ ಕೆಡತೈತಲ್ಲೋ?"

"ಕೆಡಂಗಿಲ್ರಿ. ನೀವು ಬಂದ್ರಿ ಅಂತ ಹೇಳತೈತಿ."

ಕಾಸಿಂಸಾಬ ಜುಬ್ಬಾದ ಕಿಸೆ ಝಾಡಿಸಿ, ಚಪ್ಪಲಿ ಹೊರಗೆ ಬಿಟ್ಟು, ನಾಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟ. ದಾನೇಶ್ವರಿ ಅಂಕಿ ಓದುತ್ತಿದ್ದಳು. ಏಳನೆಯ ಹೆಜ್ಜೆಗೆ ಅಂಕಿ ಏರಿತು.