ಖಾಲಿ ಬಿಟ್ಟ ಕಾರಣದ ಕಾಲಂ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಮೊದಲ ಸಲ ಹೀಗೆ ಬರೆದೆ:

"ಕಲಂ ಏಳು, ಉಪಕಲಂ ನಾಲ್ಕು. ಸತತ ಮೂರು ಸಭೆಗಳಿಗೆ ಸಕಾರಣವಿಲ್ಲದೆ ಗೈರುಹಾಜರಾದ ಪದಾಧಿಕಾರಿಯ ಸ್ಥಾನವು ತಾನಾಗಿಯೇ ತೆರವಾಗತಕ್ಕದ್ದು."

ನೋಡಿದಿರಾ, ನಿಮಗೆ ಆಗಲೇ ಆಕಳಿಕೆ ಬಂತು. ಶಾಲಾ ಮನಃಶಾಸ್ತ್ರಜ್ಞರ ಸಂಘವೊಂದರ ಬೈಲಾ ಓದಲು ಯಾರಾದರೂ ಕಥೆಯ ಪುಸ್ತಕ ತೆಗೆಯುತ್ತಾರೆಯೇ? ಹರಿದು ಹಾಕಿದೆ.

೧ (ಮತ್ತೆ)

ಎರಡನೆಯ ಸಲ ಗಾಳಿಯಿಂದ ಶುರು ಮಾಡಿದೆ. ನೆಬ್ರಾಸ್ಕಾದ ಪಶ್ಚಿಮ ತುದಿ, ನವೆಂಬರ್, ಕಟಾವಾದ ಮೆಕ್ಕೆಜೋಳದ ಹೊಲ, ಬೇಲಿಗೆ ಸಿಕ್ಕಿಕೊಂಡು ಪಟಪಟ ಅನ್ನುವ ಪ್ಲಾಸ್ಟಿಕ್ ಚೀಲ. ಒಂದೂವರೆ ಪುಟ ಬರೆದ ಮೇಲೆ ಗೊತ್ತಾಯಿತು, ಗಾಳಿಗೆ ಈ ಕಥೆಯಲ್ಲಿ ಏನೂ ಕೆಲಸವಿಲ್ಲ. ಇಲ್ಲಿ ಅದು ದಿನವೂ ಬೀಸುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

೧ (ಇದೇ ಕೊನೆ, ಇನ್ನು ತಿದ್ದುವುದಿಲ್ಲ)

ಮಾರ್ಲಿಸ್ ಕುಚೇರಾ ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಫೋನ್ ಬಂತು.

"ಮಾರ್ಲಿಸ್, ಆ ಪತ್ರ ಕಳಿಸಿದ್ರಾ?"

ಕೇಳಿದವಳು ಕೆಂಡ್ರಾ ಓಲ್‌ಬ್ರಿಕ್ಟ್, ಶಾಲಾ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷೆ. ಮೂವತ್ನಾಲ್ಕು ವರ್ಷ, ನಡೆಯುವಾಗಲೂ ಓಡಿದ ಹಾಗೆ ಕಾಣುವವಳು. ಮಾರ್ಲಿಸ್ ಸಂಘದ ಕಾರ್ಯದರ್ಶಿ. ಐವತ್ತೆರಡು ವರ್ಷ, ನಾಲ್ಕು ಶಾಲೆಗಳ ಮಕ್ಕಳ ಜವಾಬ್ದಾರಿ.

"ಯಾವ ಪತ್ರ?" ಎಂದಳು ಮಾರ್ಲಿಸ್. ಯಾವ ಪತ್ರ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಡ್ವೇನ್ ಅವರಿಗೆ. ಸೆಪ್ಟೆಂಬರ್ ಇಲ್ಲ, ಅಕ್ಟೋಬರ್ ಇಲ್ಲ, ಮೊನ್ನೆ ಗುರುವಾರಾನೂ ಇಲ್ಲ. ಮೂರಾಯ್ತು. ನಿಯಮ ನಿಮ್ಮದೇ ಅಲ್ವಾ?"

ಹೌದು, ನಿಯಮ ಅವಳದೇ. ಹನ್ನೊಂದು ವರ್ಷದ ಹಿಂದೆ ಉಪಾಧ್ಯಕ್ಷನೊಬ್ಬ ಅರಿಝೋನಾಕ್ಕೆ ಮನೆ ಬದಲಾಯಿಸಿ, ಯಾರಿಗೂ ಹೇಳದೆ, ಎರಡು ವರ್ಷ ಉಪಾಧ್ಯಕ್ಷನಾಗಿಯೇ ಉಳಿದಿದ್ದ. ಆ ಸಿಟ್ಟಿನಲ್ಲಿ ಮಾರ್ಲಿಸ್ ಊಟದ ಮೇಜಿನ ಮೇಲೆ ಕೂತು ಉಪಕಲಂ ನಾಲ್ಕನ್ನು ಬರೆದಳು. ಅನಾರೋಗ್ಯ, ಮನೆಯಲ್ಲಿ ಸಾವು, ರಸ್ತೆ ಮುಚ್ಚುವಷ್ಟು ಹಿಮ ಇವು ಸಕಾರಣ. ಕೆಲಸದ ಒತ್ತಡ ಸಕಾರಣವಲ್ಲ, ಯಾಕೆಂದರೆ ಅದು ಎಲ್ಲರಿಗೂ ಇದೆ. 'ತಾನಾಗಿಯೇ' ಎಂಬ ಪದ ಸೇರಿಸಿದಾಗ ತುಂಬ ಖುಷಿಪಟ್ಟಿದ್ದಳು. ಗೈರಾಗುವವರು ತುಂಬಬೇಕಾದ ಅರ್ಜಿಯನ್ನೂ ಅವಳೇ ತಯಾರಿಸಿದ್ದಳು: ಹೆಸರು, ದಿನಾಂಕ, ಕಾರಣ.

ಡ್ವೇನ್ ಟೀಟ್‌ಯೆನ್ ಮೂರು ಸಲವೂ ಅರ್ಜಿ ಕಳಿಸಿದ್ದ. ಹೆಸರಿತ್ತು, ದಿನಾಂಕವಿತ್ತು. ಕಾರಣದ ಕಾಲಂ ಖಾಲಿ.

೨

(ಡ್ವೇನ್ ಯಾರು ಎಂದು ಮೊದಲೇ ಹೇಳಬೇಕಿತ್ತು. ಕಥೆ ಕಟ್ಟುವ ಕೆಲಸದಲ್ಲಿ ನಾನೂ ಅಷ್ಟಕ್ಕಷ್ಟೇ.)

ಡ್ವೇನ್ ಸಂಘದ ಪಶ್ಚಿಮ ವಿಭಾಗದ ಪ್ರತಿನಿಧಿ. ಅರವತ್ತೊಂದು ವರ್ಷ, ಐದು ಶಾಲೆ, ಎರಡು ಶಾಲೆಗಳ ನಡುವೆ ಒಂದು ಗಂಟೆಯ ದಾರಿ. ಮಾರ್ಲಿಸ್ ಓದು ಮುಗಿಸಿ ತರಬೇತಿಗೆ ಬಂದಾಗ ಅವಳನ್ನು ಕೈ ಹಿಡಿದು ಕಲಿಸಿದವನು ಅವನೇ. ಮೊದಲ ದಿನ ಅವಳು ಮಗುವಿನ ಎದುರು ದೊಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು. ಡ್ವೇನ್ ಏನೂ ಹೇಳದೆ ಒಂದನೇ ಕ್ಲಾಸಿನ ಪುಟ್ಟ ಕುರ್ಚಿಯೊಂದನ್ನು ತಂದು ಅವಳ ಪಕ್ಕದಲ್ಲಿಟ್ಟು ಹೊರಟುಹೋದ. ಅಷ್ಟೇ ಪಾಠ. ಅಂದಿನಿಂದ ಅವಳ ಮಂಡಿಗಳು ನೋಯುತ್ತಿವೆ, ಮಕ್ಕಳು ಮಾತಾಡುತ್ತಿದ್ದಾರೆ.

ಅವನ ಸ್ಥಾನ ತೆರವಾದರೆ ಬರೀ ಅವನೊಬ್ಬ ಹೋದಂತಲ್ಲ. ಪಶ್ಚಿಮದಲ್ಲಿ ಸದಸ್ಯರೇ ಎಂಟು ಜನ. ಆ ವಿಭಾಗವನ್ನು ಮಧ್ಯ ವಿಭಾಗದ ಜೊತೆ ಸೇರಿಸಿಬಿಡೋಣ ಎಂಬ ಮಾತು ಎರಡು ವರ್ಷದಿಂದ ಇತ್ತು. ಕುರ್ಚಿ ಖಾಲಿಯಾದರೆ ಆ ಮಾತಿಗೆ ಅಡ್ಡ ಬರುವವರೇ ಇಲ್ಲ.

"ಕೆಂಡ್ರಾ, ಒಂದು ವಾರ ಕೊಡು," ಎಂದಳು ಮಾರ್ಲಿಸ್. "ನಾನೇ ಹೋಗಿ ಮಾತಾಡ್ತೀನಿ."

"ಮಾತಾಡಿ. ಆದ್ರೆ ಒಂದು ಹೇಳ್ತೀನಿ, ಹೋದ ವರ್ಷ ಮೂರು ಜನರ ಕೆಲಸ ನಾನೊಬ್ಬಳೇ ಮಾಡಿದ್ದೀನಿ. ಆಗ ಯಾರೂ ನನ್ನ ಹತ್ರ ಬಂದು ಮಾತಾಡ್ಲಿಲ್ಲ."

(ಕೆಂಡ್ರಾಳನ್ನು ಖಳನಾಯಕಿ ಮಾಡಲು ನಾನು ಪ್ರಯತ್ನಪಟ್ಟೆ. ಆಗಲಿಲ್ಲ. ಅವಳು ಹೇಳಿದ್ದು ನಿಜ.)

೩

ಸೋಮವಾರ ಮಾರ್ಲಿಸ್ ಎರಡು ಗಂಟೆ ಕಾರು ಓಡಿಸಿ ಡ್ವೇನ್ ಇದ್ದ ಶಾಲೆಗೆ ಹೋದಳು. ಆ ಹೊತ್ತಿಗೆ ಮಕ್ಕಳು ಉಂಡು ತರಗತಿಗೆ ಹೋಗಿದ್ದರು. ಊಟದ ಹಾಲಿನ ಗಿಡ್ಡ ಮೇಜಿಗೆ ಇಬ್ಬರೂ ಮೊಣಕಾಲು ಮಡಚಿ ಕೂತರು. ಅವತ್ತು ಚಿಲ್ಲಿ ಮತ್ತು ಸಿನಮನ್ ರೋಲ್. ರಾಜ್ಮಾ ಕಾಳು, ಮಾಂಸದ ಖಾರದ ಸಾರಿನ ಜೊತೆ ಸಕ್ಕರೆ ಸುರಿದ ದಾಲ್ಚಿನ್ನಿ ಬನ್ನು ತಿನ್ನುವುದು ಈ ರಾಜ್ಯದವರಿಗೆ ಮಾತ್ರ ಸಹಜ. ಡ್ವೇನ್ ಬನ್ನನ್ನು ಸಾರಿನಲ್ಲಿ ಅದ್ದಿದ.

"ಅದ್ದೋದು ಇನ್ನೂ ಬಿಟ್ಟಿಲ್ವಾ ನೀವು?"

"ನೀನು ಇದನ್ನ ಕೇಳೋಕೆ ಇನ್ನೂರು ಕಿಲೋಮೀಟರ್ ಬಂದೆಯಾ?"

"ಅಲ್ಲ. ಕಾರಣದ ಕಾಲಂ ಬಗ್ಗೆ ಕೇಳೋಕೆ ಬಂದೆ."

ಡ್ವೇನ್ ನಿಧಾನಕ್ಕೆ ಬಾಯಿ ಒರೆಸಿಕೊಂಡ. "ಕಾರಣ ಇದೆ ಮಾರ್ಲಿಸ್. ಬರೆಯೋಕಾಗಲ್ಲ."

"ಆರೋಗ್ಯ ಸರಿ ಇದೆ ತಾನೆ?"

"ಕುದುರೆ ಹಾಗಿದ್ದೀನಿ."

"ಹಾಗಾದ್ರೆ ಹಲ್ಲು ನೋವು ಅಂತ ಬರೀರಿ. ಮೂರು ಸಲ ಹಲ್ಲು ನೋವು. ಯಾರು ಬಾಯಿ ತೆರೆಸಿ ನೋಡ್ತಾರೆ?"

"ಸುಳ್ಳು ಹೇಳೋಕೆ ಹೋದ್ರೆ ನನ್ನ ಕಿವಿ ಕೆಂಪಾಗುತ್ತೆ. ಮಕ್ಕಳಿಗೂ ಗೊತ್ತು ಅದು."

ಇಬ್ಬರೂ ನಕ್ಕರು. ಆಮೇಲೆ ಡ್ವೇನ್ ಅಷ್ಟೇ ಹಗುರವಾಗಿ ಹೇಳಿದ: "ಗುರುವಾರ ನಾಲ್ಕು ಗಂಟೆಗೆ, ಸಭೆಯ ಹೊತ್ತಿಗೇ, ನಾನು ಇನ್ನೊಂದು ಕಡೆ ಇರಬೇಕು. ಅಷ್ಟೇ ಹೇಳಬಲ್ಲೆ."

ಮಾರ್ಲಿಸ್ ಚಮಚ ಕೆಳಗಿಟ್ಟಳು. ಡ್ವೇನ್ ಗುರುವಾರ ಯಾವ ಶಾಲೆಯಲ್ಲಿರುತ್ತಾನೆ ಎಂದು ಅವಳಿಗೆ ಗೊತ್ತು. ಎಲ್ಲ ಕ್ಲಾಸೂ ಸೇರಿ ನಲವತ್ಮೂರು ಮಕ್ಕಳಿರುವ ಶಾಲೆ. ಶಾಲೆ ಬಿಡುವುದು ಮೂರೂವರೆಗೆ.

ಯಾವುದೋ ಒಂದು ಮಗು ಅವನ ಹತ್ತಿರ ಬರುತ್ತಿದೆ.

ಅವಳು ತನ್ನ ಬನ್ನಿನ ಅರ್ಧ ಮುರಿದು ಅವನ ತಟ್ಟೆಗೆ ಹಾಕಿದಳು.

೩, ಕೊನೆಯ ಭಾಗ (ಲೇಖಕನ ಕೈವಾಡ, ರದ್ದಾಗಿದೆ)

ನಾನು ಇಲ್ಲಿ ಒಂದು ಪುಟ ಸೇರಿಸಿದ್ದೆ. ಡ್ವೇನ್ ಕಣ್ಣೊರೆಸಿಕೊಂಡು ಆ ಮಗುವಿನ ಕಥೆಯನ್ನೆಲ್ಲ ಹೇಳುತ್ತಾನೆ, ಮಾರ್ಲಿಸ್ ಅವನ ಕೈ ಹಿಡಿಯುತ್ತಾಳೆ. ಚೆನ್ನಾಗಿ ಬಂದಿತ್ತು. ನನ್ನ ಕಣ್ಣೇ ಒದ್ದೆಯಾಗಿತ್ತು.

ಮಾರ್ಲಿಸ್ ಓದಿದಳು. "ಇದನ್ನ ತೆಗೀರಿ."

"ಯಾಕೆ? ಓದುಗರಿಗೆ ಗೊತ್ತಾಗಬೇಡವೇ?"

"ಬೇಡ."

"ಹೆಸರು ಬರೆದಿಲ್ಲವಲ್ಲ."

"ವಯಸ್ಸು ಬರೆದಿದ್ದೀರಿ. ಆ ಊರಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಗೊತ್ತಾ? ಇಬ್ಬರು."

"ಕಲ್ಪಿಸಿಕೊಂಡು ಬರೆದದ್ದು ಮಾರ್ಲಿಸ್. ಇದು ಕಥೆ."

"ಕಥೆಗಾರರೇ, ನೀವು ಕಲ್ಪಿಸಿಕೊಂಡಿದ್ದು ನಿಜ ಆಗಿಬಿಟ್ರೆ?"

ತೆಗೆದೆ. ಊರಿನ ಹೆಸರನ್ನೂ ತೆಗೆದೆ. ಗುರುವಾರ ಎಂದು ಬರೆದಿದ್ದೇನಲ್ಲ, ಅದು ಗುರುವಾರವೇ ಇರಬೇಕೆಂದಿಲ್ಲ. ಶಾಲೆಯಲ್ಲಿ ನಲವತ್ಮೂರೇ ಮಕ್ಕಳು ಎಂದೂ ನಂಬಬೇಡಿ. ಬನ್ನು ಮಾತ್ರ ನಿಜ.

೫

(ನಾಲ್ಕು ಇಲ್ಲ. ನಾಲ್ಕರಲ್ಲಿ ಮಾರ್ಲಿಸ್ ವಾರವಿಡೀ ಬೈಲಾದ ಹಾಳೆ ತಿರುವಿದಳು. ಅದನ್ನು ನೀವು ಯಾಕೆ ನೋಡಬೇಕು?)

ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಸಮಿತಿಯ ಒಂಬತ್ತು ಜನರೂ ಒಂದು ಗ್ರಂಥಾಲಯದ ಕೋಣೆಯಲ್ಲಿ ಸೇರಿದರು. ವರ್ಷಕ್ಕೊಮ್ಮೆ ಮಾತ್ರ ಹೀಗೆ ಎದುರುಬದುರು, ಉಳಿದದ್ದೆಲ್ಲ ವಿಡಿಯೋ. ಡ್ವೇನ್ ಎಲ್ಲರಿಗಿಂತ ಮೊದಲೇ ಬಂದು ಕಾಫಿ ಹಾಕಿಟ್ಟಿದ್ದ.

ಕೆಂಡ್ರಾ ಸೀದಾ ವಿಷಯಕ್ಕೆ ಬಂದಳು. "ಡ್ವೇನ್, ನೀವು ಕಾರಣ ಹೇಳಿಬಿಡಿ. ನಮಗೆ ಒಪ್ಪಿಗೆಯಾದ್ರೆ ಇದನ್ನ ಇಲ್ಲಿಗೇ ಮುಗಿಸೋಣ."

"ಗುರುವಾರ ನಾಲ್ಕಕ್ಕೆ ಬೇರೆ ಕಡೆ ಇರಬೇಕು."

"ಎಲ್ಲಿ?"

"ಹೇಳಲ್ಲ."

ಕೋಣೆಯಲ್ಲಿದ್ದವರೆಲ್ಲ ಅದೇ ವೃತ್ತಿಯವರು. ಅರ್ಥವಾಗದಿರಲು ಸಾಧ್ಯವೇ? ಯಾರೋ ಕೆಮ್ಮಿದರು. ಮತ್ತೊಬ್ಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ನನಗೂ ಅರ್ಥ ಆಗುತ್ತೆ," ಎಂದಳು ಕೆಂಡ್ರಾ. ದನಿ ಸ್ವಲ್ಪ ಇಳಿದಿತ್ತು. "ಆದ್ರೆ ನಾಳೆ ಇನ್ನೊಬ್ಬರು ಗಾಲ್ಫ್ ಆಡೋಕೆ ಹೋಗಿ ಬಂದು ಹೇಳಲ್ಲ ಅಂದ್ರೆ? ಅವರಿಗೇನು ಅನ್ನಲಿ? ಡ್ವೇನ್ ಒಳ್ಳೆಯವರು, ನೀವು ಅಲ್ಲ ಅಂತಲಾ?"

ಪೂರ್ವ ವಿಭಾಗದ ಪ್ರತಿನಿಧಿ ದಾರಿಯೊಂದನ್ನು ತೋರಿಸಿದ: "ಮತಕ್ಕೆ ಹಾಕೋಣ. ಮನ್ನಿಸೋರು ಕೈ ಎತ್ತಿ."

"ಹಾಗೆ ಮಾಡೋಕಾಗಲ್ಲ," ಎಂದಳು ಮಾರ್ಲಿಸ್.

ಎಲ್ಲರೂ ಅವಳತ್ತ ತಿರುಗಿದರು.

"ನಾನು 'ತಾನಾಗಿಯೇ' ಅಂತ ಬರೆದಿದ್ದೀನಿ. ಮನ್ನಿಸೋಕೆ ಇಲ್ಲಿ ಜಾಗಾನೇ ಇಟ್ಟಿಲ್ಲ. ನವೆಂಬರ್ ಸಭೆ ಮುಗಿದ ಗಳಿಗೆಯಲ್ಲೇ ಆ ಸ್ಥಾನ ಖಾಲಿಯಾಗಿದೆ. ಡ್ವೇನ್, ನೀವೀಗ ಸಮಿತಿಯಲ್ಲಿಲ್ಲ."

ಇಪ್ಪತ್ತೇಳು ವರ್ಷದ ಗೆಳೆತನದಲ್ಲಿ ಅವಳು ಅವನಿಗೆ ಹೇಳಿದ ಅತಿ ಕೆಟ್ಟ ಮಾತು ಇದು. ಡ್ವೇನ್ ತಲೆಯಾಡಿಸಿದ. ತಾನು ಕೊಟ್ಟ ಲೆಕ್ಕವನ್ನು ಶಿಷ್ಯೆ ಸರಿಯಾಗಿ ಬಿಡಿಸಿದಾಗ ಮೇಷ್ಟ್ರು ತಲೆಯಾಡಿಸುತ್ತಾರಲ್ಲ, ಹಾಗೆ. ಎದ್ದು ಕೋಟು ಕೈಗೆತ್ತಿಕೊಂಡ.

"ಕೂತ್ಕೊಳ್ಳಿ," ಎಂದಳು ಮಾರ್ಲಿಸ್. "ಉಪಕಲಂ ಐದು ಇನ್ನೂ ಓದಿಲ್ಲ."

ಓದಿದಳು. ತೆರವಾದ ಸ್ಥಾನಕ್ಕೆ ಆ ವಿಭಾಗದ ಯಾವುದೇ ಸದಸ್ಯರನ್ನು ಅಧ್ಯಕ್ಷರು ಸಮಿತಿಯ ಒಪ್ಪಿಗೆ ಪಡೆದು ನೇಮಿಸಬಹುದು. "ಯಾವುದೇ ಸದಸ್ಯರು. ತೆರವು ಮಾಡಿ ಹೋದವರು ಆಗಬಾರದು ಅಂತ ಎಲ್ಲೂ ಇಲ್ಲ. ಇನ್ನೊಂದು ವಿಷಯ. ಸಭೆ ಗುರುವಾರಾನೇ ನಡೀಬೇಕು ಅಂತಾನೂ ಈ ಇಪ್ಪತ್ತೆರಡು ಪುಟದಲ್ಲಿ ಎಲ್ಲೂ ಇಲ್ಲ. ಯಾರೋ ಯಾವಾಗಲೋ ಶುರು ಮಾಡಿದ್ದು, ನಾವು ಮುಂದುವರಿಸಿಕೊಂಡು ಬಂದಿದ್ದೀವಿ."

ಕೆಂಡ್ರಾ ಬೈಲಾದ ಪ್ರತಿಯನ್ನು ಎಳೆದುಕೊಂಡು ತಾನೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಮಾರ್ಲಿಸ್, ನೀವು ಬಾಗಿಲು ಹಾಕಿ ಕಿಟಕಿ ತೆಗೀತಿದ್ದೀರಿ."

"ಕಿಟಕಿ ಮೊದಲಿಂದಾನೂ ಇತ್ತು. ಯಾರೂ ನೋಡಿರಲಿಲ್ಲ."

"ಮಂಗಳವಾರ?" ಕೆಂಡ್ರಾ ಡ್ವೇನ್ ಕಡೆ ನೋಡಿದಳು.

"ಮಂಗಳವಾರ ಬರ್ತೀನಿ."

ಒಪ್ಪಿಗೆಗೆ ಆರು ಕೈಗಳು ಎದ್ದವು, ವಿರೋಧಕ್ಕೆ ಒಂದು. ಕೆಂಡ್ರಾ ಯಾವ ಕಡೆಗೂ ಕೈ ಎತ್ತಲಿಲ್ಲ, ಆದರೆ ನೇಮಕದ ಕಾಗದಕ್ಕೆ ಸಹಿ ಹಾಕಿದಳು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮಾರ್ಲಿಸ್ ನಿಲ್ಲಿಸಲಿಲ್ಲ. ಕಾರಣದ ಕಾಲಮ್ಮಿನಲ್ಲಿ 'ವೃತ್ತಿಗೌಪ್ಯ' ಎಂಬ ಒಂದೇ ಪದ ಬರೆದರೂ ಸಾಕೆಂಬ ತಿದ್ದುಪಡಿಯನ್ನು ಮುಂದಿಟ್ಟಳು. ತಿದ್ದುಪಡಿಗೆ ಮೂರರಲ್ಲಿ ಎರಡು ಪಾಲು, ಅಂದರೆ ಆರು ಮತ ಬೇಕಿತ್ತು, ಐದು ಬಂದವು. ಕೆಂಡ್ರಾ ವಿರೋಧಿಸಿದಳು. ಕಾರಣ ಕೇಳಿದರೆ ಒಂದೇ ಶಬ್ದ: "ಗಾಲ್ಫ್." ಡ್ವೇನ್ ಕೂಡ ವಿರೋಧಿಸಿದ.

"ನೀವೂನಾ!" ಎಂದಳು ಮಾರ್ಲಿಸ್, ಕಾಫಿ ಲೋಟ ತೊಳೆಯುವಾಗ.

"ಆ ಪದ ಬರೆದ್ರೂ ಎಲ್ಲರೂ ಯಾರು ಯಾರು ಅಂತ ಎಣಿಸೋಕೆ ಶುರು ಮಾಡ್ತಾರೆ. ಖಾಲಿ ಬಿಟ್ರೆ ನಾನು ಸೋಮಾರಿ ಅಂದ್ಕೊಳ್ತಾರೆ. ಅದೇ ವಾಸಿ."

೬

ಇಲ್ಲಿಂದ ಕಥೆ ನನ್ನ ಕೈ ಮೀರುತ್ತದೆ.

ಮಾರ್ಚ್ ತಿಂಗಳಲ್ಲಿ, ಮಾರ್ಲಿಸ್ ಎರಡನೇ ಕ್ಲಾಸಿನ ಮಗುವೊಂದಕ್ಕೆ ಕಾಯುತ್ತ ಪುಟ್ಟ ಕುರ್ಚಿಯ ಮೇಲೆ ಕೂತಿದ್ದಾಗ, ಡ್ವೇನ್‌ನಿಂದ ಒಂದು ಸಾಲಿನ ಮೇಲ್ ಬಂತು.

"ಇನ್ನು ಮುಂದೆ ಸಭೆ ಗುರುವಾರ ಇಟ್ಟರೂ ನನಗೆ ತೊಂದರೆಯಿಲ್ಲ."

ಮಾರ್ಲಿಸ್ ಅದನ್ನು ನಾಲ್ಕು ಸಲ ಓದಿದಳು.

ಮುಕ್ತಾಯ ಒಂದು: ಮಗು ಚೇತರಿಸಿಕೊಂಡಿತು. ಗುರುವಾರ ಶಾಲೆ ಬಿಟ್ಟೊಡನೆ ಉಳಿದವರ ಜೊತೆ ಕಿರುಚುತ್ತ ಮನೆಗೆ ಓಡುತ್ತದೆ, ಡ್ವೇನ್ ಎದುರು ಸಿಕ್ಕರೂ ಗುರುತು ಹಿಡಿಯದಷ್ಟು ಅವಸರದಲ್ಲಿ.

ಮುಕ್ತಾಯ ಎರಡು: ಆ ಕುಟುಂಬ ಊರು ಬಿಟ್ಟು ಹೋಯಿತು, ಎಲ್ಲಿಗೆಂದು ಗೊತ್ತಿಲ್ಲ.

ಮುಕ್ತಾಯ ಮೂರು: ಇದನ್ನು ನಾನು ಬರೆಯುವುದಿಲ್ಲ. ನೀವೂ ಯೋಚಿಸಬೇಡಿ.

"ಫೋನ್ ಮಾಡಿ ಕೇಳು ಮಾರ್ಲಿಸ್," ಎಂದೆ. "ಯಾವುದು ಅಂತ ಮಾತ್ರ. ಒಂದಾ, ಎರಡಾ?"

ಅವಳು ನನ್ನ ಕಡೆ ನೋಡಲಿಲ್ಲ. ಡ್ವೇನ್ ನಂಬರಿನ ಮೇಲೆ ಬೆರಳಿಟ್ಟು, ಮತ್ತೆ ತೆಗೆದಳು. ಕೇಳಬೇಕೆಂದು ಅವಳಿಗೂ ಎಷ್ಟು ಅನ್ನಿಸುತ್ತಿತ್ತೆಂದು ನನಗೆ ಗೊತ್ತು. ಆಮೇಲೆ ಟೈಪ್ ಮಾಡಿದಳು:

"ಬೇಡ ಡ್ವೇನ್. ಸಭೆ ಮಂಗಳವಾರವೇ ಇರಲಿ. ಗುರುವಾರ ನೀವು ಖಾಲಿ ಇಟ್ಟುಕೊಳ್ಳಿ, ಇನ್ಯಾರಿಗಾದರೂ ಬೇಕಾಗಬಹುದು."

ಕಳಿಸಿದಳು. ಉತ್ತರ ಬಂತೋ ಇಲ್ಲವೋ, ಬಂದಿದ್ದರೆ ಏನೆಂದು ಬಂತು ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಬಾಗಿಲು ಮೆಲ್ಲಗೆ ಸರಿಯಿತು. ಎರಡನೇ ಕ್ಲಾಸಿನ ಮಗು ಒಳಗೆ ಇಣುಕಿತು. ಮಾರ್ಲಿಸ್ ಫೋನನ್ನು ಚೀಲಕ್ಕೆ ಹಾಕಿ, ನನ್ನ ಕಡೆ ಒಮ್ಮೆ ನೋಡಿದಳು.

"ನೀವು ಹೊರಗೆ ಹೋಗಿ," ಎಂದಳು. "ನಿಮ್ಮ ಓದುಗರನ್ನೂ ಕರ್ಕೊಂಡು ಹೋಗಿ."

ಬನ್ನಿ, ಹೋಗೋಣ. ಬಾಗಿಲು ಎಳೆದುಕೊಳ್ಳಿ.