ತಿದಿ ಒತ್ತಿದ ಮೇಷ್ಟ್ರು

ಚರ್ಚಿಗೆ ನೂರು ವರ್ಷ ತುಂಬಿದ ಭಾನುವಾರ, ಆರಾಧನೆಗೆ ಇನ್ನು ಹತ್ತೇ ನಿಮಿಷ ಅನ್ನುವಾಗ, ಆರ್ಗನ್ನಿಗೆ ಗಾಳಿ ತುಂಬುವ ಮೋಟಾರು ಕೈಕೊಟ್ಟಿತು. ಮೂವತ್ತು ವರ್ಷದಿಂದ ಆ ಆರ್ಗನ್ ನುಡಿಸುತ್ತ ಬಂದವರು ಮೇಷ್ಟ್ರೇ. ಇವತ್ತಿಗೆಂದೇ ಹೊಸ ಕೋಟು ಹೊಲಿಸಿದ್ದರು, ಮೂರು ತಿಂಗಳು ಬೆರಳು ಸವೆಸಿದ್ದರು, ಬಿಷಪ್ಪರು ಹೊಗಳಿದಾಗ ಹೇಗೆ ನಾಚಿಕೊಳ್ಳಬೇಕೆಂದು ಕನ್ನಡಿ ಮುಂದೆ ನಿಂತು ಕಲಿತಿದ್ದರು ಕೂಡ. ನಗಬೇಡಿ, ನಾವೆಲ್ಲ ಅದನ್ನು ಮಾಡಿದವರೇ.

ಆರ್ಗನ್ನಿನ ಹಿಂದೆ, ಗೋಡೆಯಾಚೆಯ ಇಕ್ಕಟ್ಟು ಕೋಣೆಯಲ್ಲಿ ಮೋಟಾರಿಗಿಂತ ಮೊದಲು ಗಾಳಿ ತುಂಬುತ್ತಿದ್ದ ಹಳೆಯ ಕೈತಿದಿಯೊಂದಿತ್ತು. ಅದರ ಹಿಡಿಕೆಯನ್ನು ಒಂದೇ ಸಮನೆ ಒತ್ತುತ್ತಿರಬೇಕು. ಚರ್ಚಿನ ಕಾವಲುಗಾರ ಒತ್ತಿ ನೋಡಿದ. ಆರ್ಗನ್ನು ಕತ್ತೆಯಂತೆ ಅರಚಿತು. ಆ ಲಯ ಗೊತ್ತಿದ್ದದ್ದು ಚಿಕ್ಕಂದಿನಲ್ಲಿ ತಿದಿ ಒತ್ತಿದ್ದ ಮೇಷ್ಟ್ರಿಗೊಬ್ಬರಿಗೇ. ನುಡಿಸಬಲ್ಲವಳು ಮಾತ್ರ ಇನ್ನೊಬ್ಬಳಿದ್ದಳು: ಅವರ ಸೊಸೆ. ಅವರ ಬಳಿಯೇ ಕಲಿತವಳು, ಅವರಿಂದ ಒಂದು ದಿನವೂ ಭೇಷ್ ಅನ್ನಿಸಿಕೊಳ್ಳದವಳು.

ಆರ್ಗನ್ ಇಲ್ಲದೆಯೇ ಹಾಡಿಬಿಡಿ ಅನ್ನಲು ಮೇಷ್ಟ್ರು ಬಾಯಿ ತೆರೆದರು. ತನ್ನ ಜಾಗದಲ್ಲಿ ಇನ್ನೊಬ್ಬರು ಕೂರುವುದಕ್ಕಿಂತ ಅದೇ ವಾಸಿ ಅನ್ನಿಸಿತ್ತು. ಅಷ್ಟರಲ್ಲಿ, ಯೇಸು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲು ಸುತ್ತಿ, ಶಿಷ್ಯರ ಕಾಲು ತೊಳೆದದ್ದು ನೆನಪಾಯಿತು. ಎಷ್ಟು ಸಲ ಕೇಳಿದ್ದರೋ ಆ ಕಥೆ. ಇವತ್ತು ಅವರು ಕೋಟು ಬಿಚ್ಚಿದರು.

"ನೀನು ನುಡಿಸಮ್ಮ. ಗಾಳಿ ನಾನು ಕೊಡ್ತೀನಿ."

ಮೊದಲ ಹಾಡಿನುದ್ದಕ್ಕೂ ಅವರ ಕಿವಿ ಸೊಸೆಯ ಬೆರಳುಗಳ ಮೇಲೇ ಇತ್ತು. ಆಮೇಲೆ ಬೆವರು ಕಣ್ಣಿಗಿಳಿಯಿತು, ತೋಳು ಸೋತಿತು, ತಪ್ಪಿಗೆ ಕಾಯಲು ಪುರುಸೊತ್ತಾಗಲಿಲ್ಲ. ಕೊನೆಯ ಹಾಡಿಗೆ ಗೋಡೆಯಾಚೆ ಇಡೀ ಸಭೆ ಎದ್ದುನಿಂತು ದನಿಯೆತ್ತಿತು. ಹಲ್ಲಿಲ್ಲದ ಅಜ್ಜಿಯರು, ಶ್ರುತಿಯ ಗೊಡವೆಯಿಲ್ಲದ ಬಡಗಿ, ಎಲ್ಲರೂ. ಹಲಗೆಗಳು ನಡುಗಿದವು, ಹಿಡಿಕೆ ನಡುಗಿತು, ಮೇಷ್ಟ್ರ ಎದೆಯೂ ನಡುಗಿತು. ದೇವರೇ, ಮೂವತ್ತು ವರ್ಷವೂ ಇವರು ಇಷ್ಟು ಚೆಂದ ಹಾಡುತ್ತಿದ್ದರೇ? ಅವರಿಗೆ ಕುಣಿದಾಡುವಷ್ಟು ಖುಷಿಯಾಯಿತು. ಹಿಡಿಕೆ ಬಿಡುವಂತಿರಲಿಲ್ಲ, ಅಷ್ಟೇ.

ಆರಾಧನೆ ಮುಗಿದಾಗ ಬಿಷಪ್ಪರು ಸೊಸೆಯ ಕೈಕುಲುಕಿದರು. ಗೋಡೆಯ ಹಿಂದೆ ಯಾರಿದ್ದರೆಂದು ಕೇಳಲಿಲ್ಲ. ಅವಳು ಅಲ್ಲಿಂದ ನೇರ ಹಿಂದಿನ ಕೋಣೆಗೆ ಓಡಿಬಂದಳು.

"ಮಾವ, ಕೊನೇ ಹಾಡಲ್ಲಿ ಎರಡು ಕಡೆ ತಪ್ಪು ನುಡಿಸ್ಬಿಟ್ಟೆ. ನಿಮಗೆ ಕೇಳಿಸ್ತು ಅಲ್ವಾ?"

ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ, ನಿಜಕ್ಕೂ ನೆನಪಿಸಿಕೊಳ್ಳಲು ನೋಡಿದರು.

"ಇಲ್ಲಮ್ಮ," ಅಂದರು. "ನಾನು ಹಾಡ್ತಾ ಇದ್ದೆ."